ಅಪ್‌ಡೇಟ್: ಅವ್ವನ ವಿಟಮಿನ್ ಡಿ ಮತ್ತು ಬಿಡದ ನೆಗಡಿ

ರಾಯಚೂರಿನ ಇಷ್ಟು ಬಿಸಿಲಿನಲ್ಲಿದ್ದೂ ಅವ್ವನಿಗೆ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಬರೀ 11 (ng/mL) ಬಂದಿದೆ, ತಿಂಗಳಿಗೊಮ್ಮೆ ನೆಗಡಿ-ಕೆಮ್ಮು, ಎರಡಕ್ಕೂ ಸಂಬಂಧವಿದೆಯಾ ಅಂತ 70 ದಿನದ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಶರಣು.

ಬೆಳಿಗ್ಗೆ 7ರ ಎಳೆಬಿಸಿಲಿನಲ್ಲಿ ಕೂರಿಸಿ ಅಂದಿದ್ದು ಕೆಲಸ ಮಾಡಲಿಲ್ಲ. ಆ ಹೊತ್ತಿನ ಓರೆ ಬಿಸಿಲಿನಲ್ಲಿ ಚರ್ಮ ವಿಟಮಿನ್ ಡಿ ಮಾಡಿಕೊಳ್ಳಲು ಬೇಕಾದ ಯುವಿಬಿ (ಒಂದು ಬಗೆಯ ನೇರಳಾತೀತ) ಕಿರಣ ತೀರಾ ಕಡಿಮೆಯಂತೆ. ಕಿಟಕಿ ಗಾಜು ಅದನ್ನು ತಡೆಯುತ್ತದೆ ಅಂತಲೂ ಆಗಲೇ ಗೊತ್ತಾಯ್ತು. ಬಿಸಿಲು ಜೋರಾದಷ್ಟೂ ನಾವು ಒಳಗೇ ಇರ್ತೀವಿ, ಹೊರಗೆ ಹೋದರೂ ಅವ್ವ ತಲೆತುಂಬ ಸೆರಗು. ಚರ್ಮಕ್ಕೆ ತಾಗೋದೆಲ್ಲಿ?

ಫಲ ಕೊಟ್ಟಿದ್ದು "ಡಾಕ್ಟರನ್ನೇ ಕೇಳಿ" ಅಂದವರ ಮಾತು. ವಾರಕ್ಕೊಂದು 60,000 ಯೂನಿಟ್‌ನ ವಿಟಮಿನ್ ಡಿ ಗುಳಿಗೆ, 8 ವಾರ, ಊಟವಾದ ಮೇಲೆ ಹಾಲಿನ ಜೊತೆ. ಕೊಬ್ಬಿದ್ದರೆ ಚೆನ್ನಾಗಿ ಹೀರುತ್ತದೆ. ಈಗ 34. ಕಾಲುನೋವು ಇಳಿದಿದೆ. ಈ 60,000ದ್ದನ್ನೇ ದಿನಾ ಒಂದು ನುಂಗಿಸಿ ಅಂದವರ ಸಲಹೆ ದಯವಿಟ್ಟು ಯಾರೂ ಪಾಲಿಸಬೇಡಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು.

ನೆಗಡಿ? ಈ ಅವಧಿಯಲ್ಲಿ ಒಂದೇ ಸಲ ಬಂತು. ಆದರೆ ಅದು ಗುಳಿಗೆಯಿಂದಲೇ ಅನ್ನಲಾರೆ, ಚಳಿಗಾಲವೂ ಮುಗಿದಿತ್ತು. 25 ಪ್ರಯೋಗಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ, ದಿನವೋ ವಾರವೋ ವಿಟಮಿನ್ ಡಿ ತಗೊಂಡವರಿಗೆ, ಅದರಲ್ಲೂ ತೀರಾ ಕೊರತೆಯಿದ್ದವರಿಗೆ, ಉಸಿರಾಟದ ಸೋಂಕು ಕಡಿಮೆಯಾಗಿತ್ತು. 2025ರಲ್ಲಿ ಇನ್ನೂ ಹೆಚ್ಚು ಪ್ರಯೋಗ ಸೇರಿಸಿದಾಗ ಆ ಲಾಭ ಖಚಿತವಾಗಿ ನಿಲ್ಲಲಿಲ್ಲ. ಹಾಗಾಗಿ ಕೊರತೆ ತುಂಬಿಸಿದ್ದು ಮೂಳೆಗಾಗಿ. ಫ್ಲೂ ಬರದಿರಲಿ ಅಂತ ಅದರ ಲಸಿಕೆಯನ್ನೂ ಹಾಕಿಸಿದ್ದೀನಿ.