ಕಾಮನಬಿಲ್ಲಿನ ನೀಲಗಿರಿ: ಚಿತ್ರ ನೋಡಿ ಬೀಜ ತರಿಸುವ ಮುಂಚೆ

ಪ್ರಶ್ನೆ (ಚಿಂತಾಮಣಿ ಕಡೆಯ ರೈತರು): ಸರ್, ನಮಸ್ಕಾರ. ಕಾಂಡದ ಮೇಲೆ ಹಸಿರು, ನೀಲಿ, ಕಿತ್ತಳೆ ಪಟ್ಟೆ ಇರುವ ನೀಲಗಿರಿ ಮರದ ಫೋಟೋ ವಾಟ್ಸಾಪ್‌ನಲ್ಲಿ ಬಂತು. ಆನ್‌ಲೈನ್‌ನಲ್ಲಿ ಬೀಜಾನೂ ಸಿಗುತ್ತಿದೆ. ಅಪ್ಪ ಹಾಕಿದ್ದ ನೀಲಗಿರಿಯನ್ನು ಹೋದ ವರ್ಷ ಜೆಸಿಬಿ ತರಿಸಿ ಬುಡ ಸಮೇತ ಕೀಳಿಸಿದ್ದೇವೆ. ಈಗ ಬದುವಿನ ಮೇಲೆ ಇದನ್ನು ಒಂದು ಹತ್ತು ಗಿಡ ಹಾಕೋಣ ಅಂತ ಮಗಳ ಆಸೆ. ಇದು ನಿಜವಾದ ಮರಾನಾ? ನಮ್ಮಲ್ಲಿ ಬರುತ್ತಾ?

ಉತ್ತರ: ನಮಸ್ಕಾರ. ಮರ ನಿಜ. ಮಗಳಿಗೆ ಮೊದಲು ಅದನ್ನೇ ಹೇಳಿ. ಅರಣ್ಯ ಕೆಲಸದ ಮೇಲೆ ನಾನು ಪಪುವಾ ನ್ಯೂಗಿನಿಯ ನ್ಯೂ ಬ್ರಿಟನ್ ದ್ವೀಪದಲ್ಲಿ ನಾಲ್ಕು ವರ್ಷ ಇದ್ದೆ. ದಿನಾ ಈ ಮರಗಳ ನಡುವೆಯೇ ಓಡಾಟ. ಅಲ್ಲಿ ಇದಕ್ಕೆ ಕಮರೆರೆ ಅನ್ನುತ್ತಾರೆ, ಫಿಲಿಪ್ಪೀನ್ಸ್‌ನಲ್ಲಿ ಬಾಗ್ರಾಸ್. ಸಸ್ಯಶಾಸ್ತ್ರದವರು ಇಟ್ಟ ಹೆಸರು ಯೂಕಲಿಪ್ಟಸ್ ಡಿಗ್ಲುಪ್ಟಾ. ಡಿಗ್ಲುಪ್ಟಾ ಅಂದರೆ ಸಿಪ್ಪೆ ಸುಲಿದದ್ದು ಅಂತ.

ನೀಲಗಿರಿ ಅಂದ ಕೂಡಲೇ ಆಸ್ಟ್ರೇಲಿಯ ನೆನಪಾಗುತ್ತದೆ ಅಲ್ವಾ? ಇದು ಅಲ್ಲಿನದಲ್ಲ. ಇದರ ತವರು ನ್ಯೂ ಬ್ರಿಟನ್, ನ್ಯೂಗಿನಿ, ಇಂಡೋನೇಷ್ಯದ ಸುಲವೆಸಿ ಮತ್ತು ಸೆರಾಮ್, ಫಿಲಿಪ್ಪೀನ್ಸ್‌ನ ಮಿಂಡನಾವೊ. ನೀಲಗಿರಿಯಲ್ಲಿ 700ಕ್ಕೂ ಜಾಸ್ತಿ ಜಾತಿಗಳಿವೆ. ಅವುಗಳಲ್ಲಿ ಭೂಮಧ್ಯರೇಖೆಯ ಉತ್ತರಕ್ಕೂ ತಾನಾಗಿಯೇ ಬೆಳೆದಿರುವುದು ಇದೊಂದೇ.

ಈ ಮರಕ್ಕೆ ನೀರು ಬೇಕು, ಬಿಸಿಲು ಬೇಕು. ಹೊಳೆ ದಂಡೆ, ಗುಡ್ಡ ಕುಸಿದ ಜಾಗ, ಜ್ವಾಲಾಮುಖಿಯ ಬೂದಿ ಬಿದ್ದ ನೆಲ, ಇಂಥ ಕಡೆ ಹುಟ್ಟುತ್ತದೆ. ಪ್ರವಾಹ ಬಂದು ದಂಡೆ ಬರಿದಾದರೆ ಅಲ್ಲಿ ಮೊದಲು ಏಳುವ ಮರಗಳಲ್ಲಿ ಇದೂ ಒಂದು. ಕಾಡಿನ ನೆರಳಲ್ಲಿ ಇದರ ಸಸಿ ಮೇಲೆ ಬರುವುದಿಲ್ಲ. ಮಳೆ ವರ್ಷಕ್ಕೆ 2,500 ರಿಂದ 5,000 ಮಿಲಿಮೀಟರ್, ಅದೂ ಹೆಚ್ಚೂಕಮ್ಮಿ ವರ್ಷವಿಡೀ ಬೀಳಬೇಕು. ನಿಮ್ಮ ಕಡೆ 700ರ ಆಸುಪಾಸು. ಬೋರ್‌ವೆಲ್ ನೀರು ಹಾಯಿಸಿ ಇದನ್ನು ಸಾಕುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ನಿಮ್ಮ ಅಪ್ಪ ಹಾಕಿದ್ದು ಬಹುಶಃ ಮೈಸೂರು ನೀಲಗಿರಿ. ಅದು ಗಟ್ಟಿ ಜೀವ. ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ, ಅದಕ್ಕೇ ನಿಮಗೆ ಜೆಸಿಬಿ ಬೇಕಾಯಿತು. ಕಮರೆರೆ ಹಾಗಲ್ಲ. ಕಡಿದರೆ ಸರಿಯಾಗಿ ಚಿಗುರುವುದಿಲ್ಲ. ಸಿಪ್ಪೆ ತೆಳು, ಬೆಂಕಿ ತಗುಲಿದರೆ ಸಾಯುತ್ತದೆ. ಇನ್ನೊಂದು ಮಾತು, ಹೊಸದಾಗಿ ನೀಲಗಿರಿ ನೆಡುವುದನ್ನು ನಮ್ಮ ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿದೆ.

ಬೀಜದ ವಿಷಯ. ಇದರ ಬೀಜ ರಾಗಿ ಕಾಳಿಗಿಂತಲೂ ಚಿಕ್ಕದು. ಪರಿಚಯದವರೊಬ್ಬರು ಆನ್‌ಲೈನ್‌ನಲ್ಲಿ ತರಿಸಿದ ಪೊಟ್ಟಣ ತಂದು ತೋರಿಸಿದ್ದರು. ಒಳಗಿದ್ದ ಬೀಜ ಹೆಸರುಕಾಳಿನಷ್ಟು ದಪ್ಪ! ದುಡ್ಡು ಹಾಳು ಮಾಡಿಕೊಳ್ಳಬೇಡಿ.

ಪ್ರಶ್ನೆ (ಫ್ಲಾರಿಡಾದಿಂದ ಒಬ್ಬ ಸದಸ್ಯೆ): ಸರ್, ಇಲ್ಲಿ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಈ ಮರ ಇದೆ. ಆದರೆ ಫೋಟೋದಲ್ಲಿ ಇದ್ದಂಗೆ ಇಲ್ಲ, ಬಣ್ಣ ಮಾಸಲು. ಆ ಚಿತ್ರಗಳು ಸುಳ್ಳಾ?

ಉತ್ತರ: ಎಷ್ಟೋ ಚಿತ್ರಗಳಲ್ಲಿ ಬಣ್ಣ ಏರಿಸಿರುತ್ತಾರೆ ಮೇಡಂ. ಆದರೆ ಮರದ ಬಣ್ಣ ಸುಳ್ಳಲ್ಲ. ಮಳೆ ನಿಂತ ಮೇಲೆ ಒಂದು ಸಲ ಹತ್ತಿರ ಹೋಗಿ, ಕೈ ಇಟ್ಟು ನೋಡಿ. ಸಿಪ್ಪೆ ಕಾಗದದಷ್ಟು ತೆಳ್ಳಗೆ, ಉದ್ದುದ್ದ ಪಟ್ಟಿಯಾಗಿ ಎದ್ದು ಅಂಚಿನಲ್ಲಿ ಸುರುಳಿ ಸುತ್ತಿರುತ್ತದೆ. ಅದು ಕಳಚಿ ಬಿದ್ದ ಜಾಗ ನುಣ್ಣಗೆ, ತಣ್ಣಗೆ, ಎಳೇ ಬಾಳೆಲೆಯ ಹಸಿರು. ಆ ಹಸಿರು ಎಲೆಯಲ್ಲಿರುವ ಪತ್ರಹರಿತ್ತೇ. ಮೇಲಿನ ತೆಳು ಪದರ ಪಾರದರ್ಶಕ, ಹಾಗಾಗಿ ಒಳಗಿನ ಹಸಿರು ಕಾಣುತ್ತದೆ. ದಿನ ಕಳೆದಂತೆ ಆ ಪದರದಲ್ಲಿ ಟ್ಯಾನಿನ್ ಅನ್ನುವ ಒಗರು ಪದಾರ್ಥ ತುಂಬುತ್ತದೆ, ಹಸಿರು ಕಮ್ಮಿಯಾಗುತ್ತದೆ. ಆಗ ನೀಲಿ, ನೇರಳೆ, ಕಿತ್ತಳೆ, ಕೊನೆಗೆ ಕಾವಿ. ಸಿಪ್ಪೆ ಎಲ್ಲ ಕಡೆ ಒಂದೇ ಸಲ ಬೀಳುವುದಿಲ್ಲ. ಒಂದು ಪಟ್ಟೆಗೆ ವಾರದ ವಯಸ್ಸು, ಪಕ್ಕದ್ದಕ್ಕೆ ತಿಂಗಳುಗಳ ವಯಸ್ಸು. ಅದಕ್ಕೇ ಒಂದೇ ಕಾಂಡದಲ್ಲಿ ಅಷ್ಟು ಬಣ್ಣ. ತವರಿನ ತೇವ ಸಿಗದ ಕಡೆ ಬಣ್ಣ ಮಂಕಾಗುತ್ತದೆ. ಎತ್ತರವೂ ಅಷ್ಟೇ. ತವರಲ್ಲಿ 60 ಮೀಟರ್ ದಾಟುತ್ತದೆ, ನಮ್ಮ ಗೋಳಗುಮ್ಮಟಕ್ಕಿಂತ ಎತ್ತರ. ಮನೆ ಪಕ್ಕ ಮಾತ್ರ ನೆಡಬೇಡಿ.

ಇಷ್ಟು ಚೆಂದದ ಮರವನ್ನು ತೋಪು ಮಾಡಿ ಬೆಳೆಸುವುದು ಜಾಸ್ತಿ ಕಾಗದದ ತಿರುಳಿಗೆ. ಲಾರಿ ಮೇಲೆ ದಿಮ್ಮಿ ಹೋಗುವಾಗಲೂ ಅಲ್ಲಲ್ಲಿ ಹಸಿರು ಪಟ್ಟೆ ಉಳಿದಿರುತ್ತಿತ್ತು. ನನಗೆ ಸಂಕಟ ಆಗುತ್ತಿತ್ತು.

ಪ್ರಶ್ನೆ (ತೀರ್ಥಹಳ್ಳಿಯಿಂದ): ಸರ್, ನಮ್ಮಲ್ಲಿ ಮಳೆಗೇನೂ ಬರ ಇಲ್ಲ. ಎಣ್ಣೆ ತೆಗೆಯಬಹುದಾ?

ಉತ್ತರ: ಇದರ ಎಲೆಯಲ್ಲಿ ಎಣ್ಣೆ ತೀರಾ ಕಮ್ಮಿ. ಊಟಿ ಕಡೆ ಎಣ್ಣೆ ತೆಗೆಯುವುದು ಬೇರೆ ಜಾತಿಯಿಂದ. ಮಳೆ ನಿಮ್ಮಲ್ಲಿ ಧಾರಾಳ, ಒಪ್ಪುತ್ತೇನೆ. ಆದರೆ ಮುಂಗಾರು ಮುಗಿದ ಮೇಲಿನ ಒಣ ತಿಂಗಳುಗಳು ಇದಕ್ಕೆ ಕಷ್ಟ.

ಪ್ರಶ್ನೆ (ಚಿಂತಾಮಣಿಯವರು ಮತ್ತೆ): ಅರ್ಥವಾಯಿತು ಸರ್. ಮಗಳ ಮುಖ ಸಪ್ಪಗಾಗಿದೆ. ಬೇರೆ ಏನಾದರೂ ಹೇಳಿ.

ಉತ್ತರ: ಬದುವಿಗೆ ಹೊಂಗೆ, ಮುತ್ತುಗ ಹಾಕಿ. ಮುತ್ತುಗ ಬೇಸಿಗೆ ಶುರುವಿನಲ್ಲಿ ಎಲೆ ಉದುರಿಸಿ ಮರದ ತುಂಬಾ ಕಿತ್ತಳೆ ಹೂ ಬಿಡುತ್ತದೆ. ಕೃಷಿ ಹೊಂಡ ಇದ್ದರೆ ಅದರ ಪಕ್ಕ ಒಂದು ಹೊಳೆಮತ್ತಿ ನೆಡಿ. ಅದರ ಸಿಪ್ಪೆಯೂ ತೆಳ್ಳಗೆ ಕಳಚಿ ಬೀಳುತ್ತದೆ. ಕೆಳಗೆ ನುಣುಪಾದ ಕಾಂಡ, ತಿಳಿ ಹಸಿರು, ಬೂದಿ, ನಸುಗೆಂಪು ಮಚ್ಚೆಗಳು. ರಜೆಯಲ್ಲಿ ಮಗಳನ್ನು ಮುತ್ತತ್ತಿಗೆ ಕರೆದುಕೊಂಡು ಹೋಗಿ, ಕಾವೇರಿ ದಂಡೆಯಲ್ಲಿ ದೊಡ್ಡ ದೊಡ್ಡ ಹೊಳೆಮತ್ತಿಗಳಿವೆ.