ಡಿಬಿ ಬಾಕ್ಸಿನಿಂದ ಸುಟ್ಟ ವಾಸನೆ, ಆದರೆ ಎಂಸಿಬಿ ಬಿದ್ದಿಲ್ಲ. ಯಾರಿಗಾದರೂ ಹೀಗಾಗಿತ್ತಾ?

ಗೀಸರ್ ಹಾಕಿ ಸ್ವಲ್ಪ ಹೊತ್ತಾದರೆ ಡಿಬಿ ಬಾಕ್ಸ್ (ಮನೆಯ ಎಲ್ಲ ಲೈನಿಗೂ ಕರೆಂಟ್ ಹಂಚುವ ಪೆಟ್ಟಿಗೆ) ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ. ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬಿದ್ದು ಆಫ್ ಆಗುವ ಸ್ವಿಚ್) ಬಿದ್ದಿಲ್ಲ, ಲೈಟು ಫ್ಯಾನು ಚೆನ್ನಾಗೇ ಇವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಏನು ಮಾಡಲಿ?

ಉತ್ತರ 1

ಮೊದಲು ಗೀಸರಿನ ಎಂಸಿಬಿ ಆಫ್ ಮಾಡಿ. ವಾಸನೆ ನಿಲ್ಲದಿದ್ದರೆ ಮೇನ್ ಆಫ್ ಮಾಡಿ. ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ, ನಾಳೆ ನೋಡೋಣ ಅನ್ನಬೇಡಿ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಎರಡು ವಾರ ಹೊರಗಿನ ಹೊಗೆ ಅಂದುಕೊಂಡು ಕಿಟಕಿ ಮುಚ್ಚಿದೆ. ಬಾಕ್ಸ್ ಬಿಚ್ಚಿಸಿದರೆ 20 ಆಂಪಿಯರ್ ಎಂಸಿಬಿಯ ಕೆಳಗಿನ ಸ್ಕ್ರೂ ಸಡಿಲ. ಕೆಂಪು ವೈರಿನ ತುದಿ ಒಂದು ಬೆರಳುದ್ದ ಕಪ್ಪಗಾಗಿತ್ತು. ಮೇಲಿನ ಪ್ಲಾಸ್ಟಿಕ್ ಮುಟ್ಟಿದರೆ ಒಣ ಎಲೆಯ ಹಾಗೆ ಪುಡಿಯಾಗಿ ಉದುರಿತು. ಅದನ್ನು ನೋಡಿದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ.

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿದೆ. ಕರೆಂಟ್ ಜಾಸ್ತಿ ಹರಿದರೆ ಅಥವಾ ಶಾರ್ಟ್ ಆದರೆ ಅದು ಬೀಳುತ್ತದೆ. 2000 ವಾಟ್ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 9 ಆಂಪಿಯರ್. 20ರ ಎಂಸಿಬಿ ಅದಕ್ಕೆ ಬೀಳುವ ಮಾತೇ ಇಲ್ಲ. ಆದರೆ ಸಡಿಲವಾದ ಜಾಗದಲ್ಲಿ ಅಷ್ಟು ಕರೆಂಟೇ ಸಾಕು, ಅಲ್ಲಿ ಬಿಸಿ ಏರುತ್ತಲೇ ಹೋಗುತ್ತದೆ. ಇದನ್ನು ನಮ್ಮ ಮೂಗು, ಕಿವಿಯೇ ಮೊದಲು ಹಿಡಿಯಬೇಕು. ಸುಟ್ಟ ವಾಸನೆ, ಚರಚರ ಸದ್ದು, ಬಾಕ್ಸಿನ ಬಣ್ಣ ಕಂದಾಗುವುದು, ಲೈಟು ಮಿಣುಕುವುದು, ಯಾವುದನ್ನೂ ಕಡೆಗಣಿಸಬೇಡಿ.

ಇನ್ನೊಂದು ಮಾತು. ದಯವಿಟ್ಟು ನೀವೇ ಬಿಚ್ಚಿ ಸ್ಕ್ರೂ ಬಿಗಿ ಮಾಡಲು ಹೋಗಬೇಡಿ. ಮೇನ್ ಆಫ್ ಮಾಡಿದರೂ ಮೀಟರಿನಿಂದ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಉತ್ತರ 2

ನಮ್ಮ ಮನೆಯ ತೊಂದರೆ ಬೇರೆ. ಹೀಟರ್ ಹಾಕಿದರೆ 16 ಆಂಪಿಯರ್ ಎಂಸಿಬಿ ದಿನಾ ಬೀಳುತ್ತಿತ್ತು. ರಿಪೇರಿಗೆ ಬಂದವರು 32ರದ್ದು ಹಾಕಿ ಹೋದರು. ಬೀಳುವುದು ನಿಂತಿತು, ನಾವೂ ಸುಮ್ಮನಾದೆವು. ತಿಂಗಳು ಕಳೆದ ಮೇಲೆ ಸ್ವಿಚ್‌ಬೋರ್ಡಿನ ಪಕ್ಕದ ಗೋಡೆ ಕೈಗೆ ಬೆಚ್ಚಗೆ ಸಿಕ್ಕಿತು! ಒಳಗಿದ್ದದ್ದು 1.5 ಚದರ ಮಿಲಿಮೀಟರಿನ ಸಣ್ಣ ವೈರ್. ಅದು ತಡೆಯುವಷ್ಟಕ್ಕೆ ಎಂಸಿಬಿ ಇರಬೇಕು. ಈಗ ಹಳೇ ಲೈನಿಗೆ ಮತ್ತೆ ಸಣ್ಣ ಎಂಸಿಬಿ ಹಾಕಿಸಿ, ಹೀಟರಿಗೆ ದಪ್ಪ ವೈರಿನ ಬೇರೆ ಲೈನ್ ಎಳೆಸಿದ್ದೇವೆ.

ಉತ್ತರ 3

ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಆಫ್ ಮಾಡುವ ಸ್ವಿಚ್) ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವಂಥದ್ದು ಶಾಕ್‌ನಿಂದ ಜೀವ ಉಳಿಸುತ್ತದೆ. ನಮ್ಮದು ಒತ್ತಿದರೂ ಬೀಳಲಿಲ್ಲ, ಎಷ್ಟು ದಿನದಿಂದ ಕೆಟ್ಟಿತ್ತೋ. ಸಡಿಲ ಸ್ಕ್ರೂವನ್ನು ಇದೂ ಹಿಡಿಯುವುದಿಲ್ಲ, ನೆನಪಿರಲಿ. ಬಾಕ್ಸಿನ ಕೆಳಗೆ ಬಟ್ಟೆ, ಪೇಪರ್ ಇಡಬೇಡಿ. ಬೆಂಕಿ ಕಂಡರೆ ನೀರು ಹಾಕಲೇಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಸಂಜೆಯೇ ಎಲೆಕ್ಟ್ರಿಷಿಯನ್ ಬಂದು ನೋಡಿದರು. ಎಂಸಿಬಿ ಸರಿಯಾಗಿತ್ತು. ಗೀಸರಿನ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ) ವೈರ್ ಸಡಿಲವಾಗಿ, ಪಕ್ಕದ ಎರಡು ವೈರೂ ಬೆಂದಿದ್ದವು. ಮೂರನ್ನೂ ಬದಲಾಯಿಸಿದ್ದಾರೆ.