ಒಂದರಿಂದ ಮೂರನೇ ಕ್ಲಾಸು ಒಂದೇ ಕೋಣೆಯಲ್ಲಿ: ವಾರಪೂರ್ತಿ ಒಂದೇ ವಿಷಯ ಇಟ್ಟುಕೊಂಡು ಕಲಿಸಬಹುದಾ?

ಚಳ್ಳಕೆರೆ ಟೀಚರ್:
ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ ಶಾಲೆಗೆ ಈ ವರ್ಷ ಅತಿಥಿ ಶಿಕ್ಷಕಿಯಾಗಿ ಬಂದಿದ್ದೇನೆ. ನಲಿ-ಕಲಿ ಕೋಣೆ, ಅಂದರೆ ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂತು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಸರ್ಕಾರಿ ಶಾಲೆಯ ಪದ್ಧತಿ. ಮೂರೂ ತರಗತಿ ಸೇರಿ 24 ಮಕ್ಕಳು. ಕಾರ್ಡು, ಕಲಿಕಾ ಏಣಿ (ಯಾವ ಕಾರ್ಡಿನ ನಂತರ ಯಾವುದು ಅಂತ ತೋರಿಸುವ ಪಟ್ಟಿ), ಐದು ತಟ್ಟೆ (ಟೀಚರ್ ಸಹಾಯ ಎಷ್ಟು ಬೇಕು ಅನ್ನುವುದರ ಮೇಲೆ ಮಕ್ಕಳು ಕೂರುವ ಗುಂಪುಗಳು), ಚಪ್ಪರ (ಮಕ್ಕಳು ಮಾಡಿದ್ದನ್ನು ನೇತುಹಾಕಲು ತಲೆ ಮೇಲೆ ಕಟ್ಟಿದ ದಾರಗಳು) ಎಲ್ಲಾ ಇದೆ, ಕಾರ್ಡಿನ ಕೆಲಸವೂ ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಒಂದೊಂದು ಮಗು ಏಣಿಯ ಒಂದೊಂದು ಮೈಲಿಗಲ್ಲಿನಲ್ಲಿ, ಅಂದರೆ ಹಂತದಲ್ಲಿ, ಇರುವುದರಿಂದ ಬೆಳಗಿನ ಹಾಡು, ಹವಾಮಾನ ನಕ್ಷೆ ಬಿಟ್ಟರೆ ಎಲ್ಲರೂ ಸೇರಿ ಮಾಡುವಂಥದ್ದು ಏನೂ ಇರಲ್ಲ. ವಾರಕ್ಕೊಂದು ವಿಷಯ ಹಿಡಿದು ಭಾಷೆ, ಗಣಿತ, ಪರಿಸರ ಮೂರನ್ನೂ ಅದರಲ್ಲೇ ಮಾಡಿಸಬೇಕು ಅಂತ ಆಸೆ. ಏಣಿ ಮಾತ್ರ ಹಿಂದೆ ಬೀಳಬಾರದು, ಖರ್ಚೂ ಜಾಸ್ತಿ ಆಗಬಾರದು. ಒಂದನೇ ಕ್ಲಾಸಿನವರು ಇನ್ನೂ ನಲಿ-ಕಲಿಯಲ್ಲಿ ಮೊದಲು ಕಲಿಸುವ ರ, ಗ, ಸ, ದ, ಅ ದಲ್ಲೇ ಇದ್ದಾರೆ. ಯಾರಾದರೂ ಹೀಗೆ ಮಾಡಿದ್ದೀರಾ?

ಹೊಳಲ್ಕೆರೆ ಮೇಷ್ಟ್ರು:
ಖಂಡಿತ ಮಾಡಬಹುದು ಮೇಡಂ. ನಿಮ್ಮ ಕಡೆ ಈಗ ಶೇಂಗಾ ಕೀಳುವ ಕಾಲ ಅಲ್ವಾ, ಅದನ್ನೇ ಹಿಡಿಯಿರಿ. ದಿನಾ ಮೊದಲ ಅವಧಿ ಮಾತ್ರ ಎಲ್ಲರೂ ಸೇರಿ ಶೇಂಗಾ ಕೆಲಸ, ಆಮೇಲೆ ಎಂದಿನಂತೆ ತಟ್ಟೆಗೆ ಕೂರಿಸಿ. ಏಣಿಗೆ ಏನೂ ಆಗಲ್ಲ.

ಸೋಮವಾರ ಪ್ರತಿ ಮಗು ಒಂದು ಹಿಡಿ ಕಾಯಿ ತರಲಿ. ಮನೆಯಲ್ಲಿ ಇಲ್ಲದ ಮಗುವಿಗೆ ಪಕ್ಕದವರು ಕೊಡುತ್ತಾರೆ, ಅದನ್ನು ದೊಡ್ಡದು ಮಾಡಬೇಡಿ. ಮೊದಲು ಎಷ್ಟಿದೆ ಅಂತ ಅಂದಾಜು ಹೇಳಿಸಿ, ಆಮೇಲೆ ಎಣಿಸಲಿ. ಒಂದನೇ ಕ್ಲಾಸಿನವರು ಒಂದೊಂದಾಗಿ ಎಣಿಸುತ್ತಾರೆ, ಎರಡನೆಯವರು ಹತ್ತತ್ತು ಕಾಯಿ ತೆಂಗಿನ ಚಿಪ್ಪಿಗೆ ಹಾಕಿ ಹತ್ತು, ಬಿಡಿ ಅಂತ ಬರೆಯುತ್ತಾರೆ. ಮೂರನೆಯವರಿಗೆ ಬೇರೆ ಕೆಲಸ. ಹತ್ತು ಕಾಯಿ ಕೊಟ್ಟು, ಒಡೆಯದೆ ಬೀಜ ಎಷ್ಟಿರಬಹುದು ಕೇಳಿ. ಎರಡರ ಮಗ್ಗಿ ಗೊತ್ತಿರುವವರು ತಕ್ಷಣ 20 ಅನ್ನುತ್ತಾರೆ. ಆಮೇಲೆ ಒಡೆಯಲಿ. ಒಬ್ಬನಿಗೆ 19 ಬರುತ್ತೆ, ಇನ್ನೊಬ್ಬಳಿಗೆ 21, ಯಾಕಂದರೆ ಕೆಲವು ಕಾಯಲ್ಲಿ ಒಂದೇ ಬೀಜ, ಕೆಲವದರಲ್ಲಿ ಮೂರು. "ಮಗ್ಗಿ ತಪ್ಪಾ ಮಿಸ್?" ಅಂತ ಕೇಳುವ ಮಗು ಇದ್ದೇ ಇರುತ್ತೆ, ಆ ಪ್ರಶ್ನೆಗಾಗಿಯೇ ಇಷ್ಟೆಲ್ಲಾ ಮಾಡುವುದು. ನೀವು ಉತ್ತರ ಹೇಳಬೇಡಿ. ಮಕ್ಕಳ ಎತ್ತರದ ಕಪ್ಪುಹಲಗೆಯಲ್ಲಿ ಒಂದು ಬೀಜ, ಎರಡು ಬೀಜ, ಮೂರು ಬೀಜ ಅಂತ ಮೂರು ಸಾಲು ಎಳೆದು ಬಿಡಿ. ಒಡೆದ ಪ್ರತಿ ಕಾಯಿಗೂ ಒಂದು ಗೀಟು ಹಾಕುತ್ತಾ ಹೋಗಲಿ, ಎಲ್ಲಿ ವ್ಯತ್ಯಾಸ ಬಂತು ಅಂತ ಅವರೇ ಕಂಡುಹಿಡಿಯುತ್ತಾರೆ.

ಮಾರನೇ ದಿನ ಬೇರು ಸಮೇತ ಒಂದು ಗಿಡ ತರಿಸಿ. ಕಾಯಿ ಬೇರಿಗೆ ಬಿಟ್ಟಿದೆ ಅಂತಲೇ ಎಲ್ಲರೂ ಹೇಳುತ್ತಾರೆ, ದೊಡ್ಡವರೂ ಹಾಗೇ ಅಂದುಕೊಂಡಿರುತ್ತಾರೆ. ಬಿಡಿಸಿ ತೋರಿಸಿ. ಹಳದಿ ಹೂವು ಬಿಡುವುದು ಮಣ್ಣಿನ ಮೇಲೆ, ಹೂವು ಬಾಡಿದ ಮೇಲೆ ಅದರ ಬುಡದಿಂದ ಒಂದು ಸಣ್ಣ ಕಡ್ಡಿ ಹೊರಟು ಮಣ್ಣಿಗೆ ಇಳಿಯುತ್ತೆ, ಅದರ ತುದಿ ಊದಿ ಕಾಯಿ ಆಗುತ್ತೆ. ಬೇರಿನ ಮೇಲೆ ಪುಟ್ಟ ಪುಟ್ಟ ಗಂಟುಗಳೂ ಇರುತ್ತವೆ. ಗಾಳಿಯಲ್ಲಿರುವ ಸಾರಜನಕ ಹಿಡಿದುಕೊಡುವ ಸೂಕ್ಷ್ಮಜೀವಿಗಳು ಅಲ್ಲಿರುವುದು. ಮಕ್ಕಳಿಗೆ "ಗಿಡಕ್ಕೆ ಗೊಬ್ಬರ ಇಲ್ಲೂ ತಯಾರಾಗುತ್ತೆ" ಅಂದರೆ ಸಾಕು. ಊರಿನ ಒಬ್ಬ ಅಜ್ಜನನ್ನೋ ಅಜ್ಜಿಯನ್ನೋ ಅವತ್ತು ಕರೆಸಿ, ನಮಗಿಂತ ಚೆನ್ನಾಗಿ ಹೇಳುತ್ತಾರೆ.

ಬುಧವಾರ ಬರವಣಿಗೆ. ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ಹಲಗೆ ಮೇಲೆ ಬರೆಯಿರಿ. ಮೂರನೆಯವರು ಮುಂದುವರಿಸಿ ಬರೆಯಲಿ, ಒಂದನೆಯವರು ತಮಗೆ ಗೊತ್ತಿರುವ ಐದು ಅಕ್ಷರ ಹುಡುಕಿ ಸುತ್ತು ಹಾಕಲಿ. "ಶೇಂಗಾ" ಅಂತ ಓದಿಸಲು ಹೋಗಬೇಡಿ, ಅವರಿಗೆ ಅದು ಈಗಲೇ ಭಾರ. ಸರ, ದರ ಇವೆರಡು ಅವರ ಅಕ್ಷರದಲ್ಲೇ ಇವೆ. ಸಿಪ್ಪೆ ಪೋಣಿಸಿ ಸರ ಮಾಡಿ ಚಪ್ಪರಕ್ಕೆ ಕಟ್ಟಿಸಿ, ಮರುದಿನ ಪಾವು, ಸೇರು ಇಟ್ಟು ಅಂಗಡಿ ಆಟ ಆಡಿಸಿ ದರ ಬರೆಸಿ. ಶುಕ್ರವಾರ ಚಿತ್ರ. ಶನಿವಾರ ಅರ್ಧ ದಿನ, ಹುರಿದ ಶೇಂಗಾ, ಬೆಲ್ಲ ಹಂಚಿ ತಿನ್ನಿ.

ದಾವಣಗೆರೆ ಮಿಸ್:
ಮೇಷ್ಟ್ರು ಹೇಳಿದ್ದು ತುಂಬಾ ಇಷ್ಟವಾಯಿತು. ಎರಡು ಎಚ್ಚರಿಕೆ ಸೇರಿಸುತ್ತೇನೆ. ಆರು ವರ್ಷದ ಮಕ್ಕಳು ಬೀಜವನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತಾರೆ, ಬಾಯಲ್ಲಿಟ್ಟುಕೊಂಡು ಓಡುತ್ತಾರೆ. ಹಾಗಾಗಿ ಬಿಡಿಸಿದ ಬೀಜ ಮೂರನೇ ಕ್ಲಾಸಿನವರ ಕೈಗೆ ಮಾತ್ರ, ಚಿಕ್ಕವರಿಗೆ ಸಿಪ್ಪೆ ಸಮೇತ ಕಾಯಿ ಕೊಡಿ. ತಿನ್ನುವ ಮುಂಚೆ, ಶೇಂಗಾ ತಿಂದರೆ ಯಾವ ಮಗುವಿಗಾದರೂ ಮೈ ದದ್ದು ಏಳುತ್ತಾ, ಉಸಿರು ಕಟ್ಟುತ್ತಾ ಅಂತ ಮನೆಯವರನ್ನು ಕೇಳಿಬಿಡಿ. ಅಂಥ ಮಗು ಒಂದಿದ್ದರೂ ವಿಷಯವನ್ನೇ ಬದಲಾಯಿಸಿ.

ಇನ್ನೊಂದು ಮಾತು. ವಾರಪೂರ್ತಿ ಒಂದೇ ವಿಷಯ ನನಗ್ಯಾಕೋ ಉದ್ದ ಅನ್ನಿಸುತ್ತೆ. ನಾವು ಇಲ್ಲಿ ಮಂಡಕ್ಕಿ ಇಟ್ಟುಕೊಂಡು ಮಾಡಿದ್ದೆವು, ಭತ್ತದಿಂದ ಮಂಡಕ್ಕಿ ಭಟ್ಟಿವರೆಗೆ. ಗುರುವಾರದ ಹೊತ್ತಿಗೆ ಮಕ್ಕಳಿಗೆ ಸಾಕಾಗಿತ್ತು. ಮೂರು ದಿನ ಸಾಕು ಅಂತ ನನ್ನ ಅಭಿಪ್ರಾಯ.

ಹೊಳಲ್ಕೆರೆ ಮೇಷ್ಟ್ರು:
ಎಚ್ಚರಿಕೆ ಹೇಳಿದ್ದು ಒಳ್ಳೆಯದಾಯಿತು ಮೇಡಂ. ಮೂರು ದಿನದ ಮಾತು ನಾನು ಒಪ್ಪಲ್ಲ. ಮಕ್ಕಳಿಗೆ ಬೇಜಾರಾಗುವುದು ಕೂತು ಕೇಳುವುದು ಜಾಸ್ತಿಯಾದಾಗ. ಎಣಿಸುವುದು, ಬಿಡಿಸುವುದು, ಪೋಣಿಸುವುದು, ಅಳೆಯುವುದು ಅಂತ ದಿನಾ ಕೈಗೆ ಬೇರೆ ಕೆಲಸ ಸಿಕ್ಕರೆ ವಾರ ಸಾಲದು.

ಚಳ್ಳಕೆರೆ ಟೀಚರ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಂದೇ ಅಳುಕು. ಕಾರ್ಡು ಬಿಟ್ಟು ಬೇರೆ ಏನೋ ಮಾಡಿಸುತ್ತಿದ್ದೀರಿ ಅಂತ ನೋಡಲು ಬಂದವರು ಕೇಳಿದರೆ?

ಹಿರಿಯೂರಿನ ನಿವೃತ್ತ ಶಿಕ್ಷಕಿ:
ಅಳುಕಬೇಡಮ್ಮ. ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದೇ ಹೀಗೆ. ಆಂಧ್ರದ ಋಷಿವ್ಯಾಲಿ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆ ಮೇಷ್ಟ್ರುಗಳೇ ಕೂತು ಕಾರ್ಡು ತಯಾರಿಸಿದ್ದು. ತನ್ನ ಊರಿನ ಮಕ್ಕಳಿಗೆ ಏನು ಬೇಕು ಅಂತ ಟೀಚರ್ ಯೋಚಿಸುವುದು ಪದ್ಧತಿಯ ಒಳಗಿನದೇ, ಹೊರಗಿನದಲ್ಲ. ಆದರೆ ದಾಖಲೆ ಇಟ್ಟುಕೋ. ಸೋಮವಾರ ಯಾವ ಮಗು ಹತ್ತು, ಬಿಡಿ ಸರಿಯಾಗಿ ಬರೆಯಿತು, ಯಾರು ತಡವರಿಸಿದರು ಅಂತ ಅವತ್ತೇ ಎರಡು ಸಾಲು ಗುರುತು ಹಾಕು. ತಡವರಿಸಿದವರನ್ನು ಮಾರನೇ ದಿನ ನಿನ್ನ ಪಕ್ಕದ ಮೊದಲನೇ ತಟ್ಟೆಗೆ ಕೂರಿಸು, ಅದೇ ಚಿಪ್ಪು, ಅದೇ ಕಾಯಿ ಕೊಟ್ಟು ಇನ್ನೊಂದು ಸಲ ಎಣಿಸಲಿ. ಯಾರಾದರೂ ಕೇಳಿದರೆ ಆ ಪುಸ್ತಕ ತೆಗೆದು ತೋರಿಸು.